ಗರಿ ಉದುರುವುದೂ ಗರಿ ಕೀಳುವುದೂ



ಗಿಳಿಯೊಡನೆ ನಮ್ಮ ಜನರ ಸ್ನೇಹ ಬಹಳ ಹಳೆಯದು. ಬಾಣಭಟ್ಟನ 'ಕಾದಂಬರಿ'ಯಲ್ಲಿ ಶೂದ್ರಕನ ಆಸ್ಥಾನಕ್ಕೆ ಪಂಜರದಲ್ಲಿ ಬಂದ ವೈಶಂಪಾಯನನೆಂಬ ಗಿಳಿಯೇ ಕಥೆಯನ್ನು ಆರಂಭಿಸುತ್ತದೆ. ನಾಗವರ್ಮನು ಆ ಕಥೆಯನ್ನು ಕನ್ನಡಕ್ಕೆ ತಂದ ಮೇಲೆ ಗಿಳಿಯೂ ನಮ್ಮದಾಯಿತು. ಚೆನ್ನಾಗಿ ಮಾತನಾಡುವ ಮಗುವನ್ನು 'ಅರಗಿಳಿ' ಎಂದು ಮುದ್ದಿಸುವವರು ನಾವು; ಅರ್ಥವಿಲ್ಲದೆ ಒಪ್ಪಿಸುವ ಹುಡುಗನನ್ನು 'ಗಿಳಿಪಾಠ' ಎಂದು ಗದರಿಸುವವರೂ ನಾವೇ. ಇಂದು ನಾನು ಮಾತನಾಡಬೇಕೆಂದಿರುವುದು ಗಿಳಿಯ ನುಡಿಯನ್ನು ಕುರಿತಲ್ಲ, ಅದರ ಗರಿಯನ್ನು ಕುರಿತು. ಗಿಳಿ ಆಡುವ ಮಾತು ನಾವು ಕಲಿಸಿದ್ದು. ಅದಕ್ಕೆ ಹಸಿವಾದರೂ ನೋವಾದರೂ ಅದು 'ರಾಮ ರಾಮ' ಎಂದೇ ಹೇಳೀತು. ಅದರ ದೇಹಸ್ಥಿತಿಯೂ ಮನಸ್ಸಿನ ಸ್ಥಿತಿಯೂ ತಿಳಿಯಬೇಕಾದರೆ ಗರಿಯನ್ನು ನೋಡಬೇಕು.

ಮೊದಲು ಒಂದು ಸಂಗತಿಯನ್ನು ಸ್ಪಷ್ಟಪಡಿಸುವುದು ಒಳ್ಳೆಯದು. ನಮ್ಮ ತೋಟಗಳಲ್ಲಿಯೂ ಹಳೆಯ ಗೋಪುರಗಳಲ್ಲಿಯೂ ಹಾರಾಡುವ ಹಸಿರು ಗಿಳಿಗಳನ್ನು ಹಿಡಿಯುವುದೂ ಮಾರುವುದೂ ಪಂಜರದಲ್ಲಿಡುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಈಗ ಪಟ್ಟಣದ ಮನೆಗಳಲ್ಲಿ ನ್ಯಾಯವಾಗಿ ಸಾಕುತ್ತಿರುವವು ಪರದೇಶದ ಕುಲದವು: ಆಸ್ಟ್ರೇಲಿಯದ ಬಜರಿಗಾರ್, ಜುಟ್ಟಿನ ಕಾಕಟೀಲ್, ಬಿಳಿಯ ಕಾಕಟೂ, ದಕ್ಷಿಣ ಅಮೆರಿಕದ ಮಕಾ, ಆಫ್ರಿಕದ ಬೂದು ಗಿಳಿ ಮೊದಲಾದವು. ಅಂಗಡಿಯವರು 'ಲವ್ ಬರ್ಡ್ಸ್' ಎಂದು ಮಾರುವುದು ಅನೇಕ ವೇಳೆ ಬಜರಿಗಾರನ್ನೇ. ಈ ಪರದೇಶದ ಹಕ್ಕಿಗಳಿಗೂ ನಿಯಮವುಂಟು. ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಜಾತಿಗಳನ್ನು ಸಾಕುವವರು ಸರ್ಕಾರದಲ್ಲಿ ನೋಂದಾಯಿಸಬೇಕೆಂದು 2022ರ ತಿದ್ದುಪಡಿ ವಿಧಿಸಿದೆ. ಬೂದು ಗಿಳಿಯನ್ನು 2016ರಲ್ಲಿ ಆ ಒಪ್ಪಂದದ ಅತ್ಯಂತ ಕಟ್ಟುನಿಟ್ಟಾದ ಪಟ್ಟಿಗೆ ಸೇರಿಸಲಾಯಿತು. ಇಷ್ಟು ಹೇಳಿ ಪ್ರಸ್ತುತಕ್ಕೆ ಬರುತ್ತೇನೆ.

ನಾನು ಕಣ್ಣಾರೆ ಕಂಡ ಎರಡು ಮನೆಗಳ ಸಂಗತಿಯಿಂದ ಆರಂಭಿಸಿದರೆ ವಿಷಯ ತಿಳಿಯಾಗುವುದು.

ನಮ್ಮ ಬೀದಿಯಲ್ಲಿರುವ ವೃದ್ಧೆಯೊಬ್ಬರು ಒಂದು ಕಾಕಟೀಲನ್ನು ಸಾಕಿದ್ದಾರೆ. ಒಂದು ದಿನ ಬೆಳಗ್ಗೆ ಅವರು ಮೊಮ್ಮಗನನ್ನು ಓಡಿಸಿ ನನ್ನನ್ನು ಕರೆಸಿಕೊಂಡರು. "ಬಾಪ್ಪ, ನೋಡು, ನಮ್ಮ ಚಿನ್ನಿಗೆ ಯಾರ ದೃಷ್ಟಿ ತಾಗಿತೋ ಕಾಣೆ. ಒಂದು ವಾರದಿಂದ ಗರಿಯೆಲ್ಲ ಉದುರಿ ಹೋಗುತ್ತಿದೆ" ಎಂದರು. ಪಂಜರದ ತಳದಲ್ಲಿ ಹದಿನೈದಿಪ್ಪತ್ತು ಗರಿಗಳು ಬಿದ್ದಿದ್ದವು. ನಾನು ಹೋಗುವುದರೊಳಗಾಗಿ ಅವರು ಬೇವಿನೆಣ್ಣೆಯನ್ನು ಬೆಚ್ಚಗೆ ಮಾಡಿ ಹಕ್ಕಿಯ ಮೈಗೆಲ್ಲ ಸವರಿಬಿಟ್ಟಿದ್ದರು. ಗರಿಗಳು ಒಂದಕ್ಕೊಂದು ಅಂಟಿ, ಅದು ಮಳೆಯಲ್ಲಿ ನೆನೆದ ಮರಿಯಂತೆ ನಡುಗುತ್ತಿತ್ತು. ಅದನ್ನು ಪಶುವೈದ್ಯರ ಬಳಿಗೆ ಕೊಂಡೊಯ್ದು ಎಣ್ಣೆಯನ್ನು ತೊಳೆಸಿ, ಬೆಚ್ಚಗಿಟ್ಟು ಉಳಿಸಿಕೊಳ್ಳುವುದೇ ಕಷ್ಟವಾಯಿತು. ಹಕ್ಕಿಗೆ ಮೊದಲು ಆಗಿದ್ದುದೇನು? ಏನೂ ಇಲ್ಲ. ಅದು ವರ್ಷದ ಕ್ರಮದಂತೆ ಗರಿ ಬಿಡುತ್ತಿತ್ತು.

ಇನ್ನೊಂದು ಮನೆ ನನ್ನ ಸ್ನೇಹಿತರದು. ಅವರಲ್ಲಿ ಒಂದು ಬೂದು ಗಿಳಿ ಇದೆ. ಯುಗಾದಿ ಕಳೆದ ಮೇಲೆ ಒಂದು ದಿನ ಅವರ ಮನೆಗೆ ಹೋದಾಗ ಅದನ್ನು ಕಂಡು ಬೆಚ್ಚಿದೆನು. ಎದೆ ಪೂರ್ತಿ ಬೋಳು; ತೊಡೆಗಳಲ್ಲಿ ಬೂದುಬಣ್ಣದ ತುಪ್ಪುಳು ಮಾತ್ರ ಉಳಿದಿತ್ತು. ತಲೆಯ ಮೇಲಾದರೋ ಒಂದು ಗರಿಯೂ ಕದಲಿರಲಿಲ್ಲ. ವಿಚಾರಿಸಲಾಗಿ ಅವರು ನಕ್ಕು, "ಏನಿಲ್ಲ ರಾಯರೆ, ಗರಿ ಬಿಡುವ ಕಾಲ. ವರ್ಷಕ್ಕೊಮ್ಮೆ ಇರುವುದೇ" ಎಂದರು. ಎಂದಿನಿಂದ ಎಂದು ಕೇಳಿದೆನು. "ದೀಪಾವಳಿಗೆ ಸ್ವಲ್ಪ ಮುಂಚಿನಿಂದ" ಎಂದರು.

ಒಂದು ಮನೆಯಲ್ಲಿ ಇಲ್ಲದ ರೋಗಕ್ಕೆ ಮದ್ದು ನಡೆಯಿತು. ಇನ್ನೊಂದರಲ್ಲಿ ಇದ್ದ ಸಂಕಟವನ್ನು ಆರು ತಿಂಗಳು ಯಾರೂ ವಿಚಾರಿಸಲಿಲ್ಲ. ಎರಡು ಮನೆಯವರೂ ಹಕ್ಕಿಯನ್ನು ಪ್ರೀತಿಸುವವರೇ. ಅವರಲ್ಲಿ ಕೊರತೆಯಾಗಿದ್ದುದು ಒಂದು ಸಣ್ಣ ತಿಳಿವಳಿಕೆ: ತಾನಾಗಿ ಉದುರಿದ ಗರಿಗೂ ಕಿತ್ತ ಗರಿಗೂ ಇರುವ ಭೇದ. ಆ ಭೇದವನ್ನು ತಿಳಿಯುವುದಕ್ಕೆ ಯಂತ್ರ ಬೇಡ, ಪಾಂಡಿತ್ಯವೂ ಬೇಡ. ಎರಡು ಕಣ್ಣೂ ಸ್ವಲ್ಪ ತಾಳ್ಮೆಯೂ ಇದ್ದರೆ ಬಹಳಮಟ್ಟಿಗೆ ಸಾಕು.

ಗರಿಯೆಂದರೆ ಏನೆಂಬುದನ್ನು ಮೊದಲು ನೋಡೋಣ. ಹಕ್ಕಿಯ ಚರ್ಮದಲ್ಲಿ ಸಣ್ಣ ಸಣ್ಣ ಕುಳಿಗಳಿವೆ. ಒಂದೊಂದು ಕುಳಿಯಿಂದಲೂ ಒಂದೊಂದು ಗರಿ ಹುಟ್ಟುತ್ತದೆ. ಹುಟ್ಟುವಾಗ ಅದು ಸಣ್ಣ ಮುಳ್ಳಿನಂತೆ, ಬಿಳುಪಾದ ತೆಳುವಾದ ಒರೆಯೊಳಗೆ ಸುರುಳಿಸುತ್ತಿಕೊಂಡು ಬರುತ್ತದೆ. ಆಗ ಅದರ ದಂಡಿನ ಬುಡದಲ್ಲಿ ರಕ್ತ ಹರಿಯುತ್ತಿರುತ್ತದೆ. ಮುರಿದರೆ ರಕ್ತ ಸುರಿಯುವುದು. ಗರಿ ಪೂರ್ತಿಯಾಗಿ ಬೆಳೆದ ಮೇಲೆ ರಕ್ತನಾಳ ಹಿಂದಕ್ಕೆ ಸರಿದು ಬುಡದ ಕೊಳವೆ ಬರಿದಾಗುವುದು. ಒರೆ ಪುಡಿಯಾಗಿ ಉದುರಿ ಗರಿ ಬಿಚ್ಚಿಕೊಳ್ಳುವುದು. ಅಲ್ಲಿಂದ ಮುಂದೆ ಅದು ನಮ್ಮ ಉಗುರಿನಂತೆಯೂ ಕೂದಲಿನಂತೆಯೂ ನಿರ್ಜೀವ ವಸ್ತು. ಬಿಸಿಲಿಗೆ ಬಣ್ಣ ಮಾಸುವುದು, ಉಜ್ಜಿ ಉಜ್ಜಿ ಅಂಚು ಸವೆಯುವುದು. ಸವೆದ ಗರಿಯನ್ನು ದುರಸ್ತು ಮಾಡಿಕೊಳ್ಳುವ ಉಪಾಯ ಹಕ್ಕಿಗೆ ಇಲ್ಲ. ಹಳೆಯದನ್ನು ಬಿಟ್ಟು ಹೊಸದನ್ನು ಬೆಳೆಸಿಕೊಳ್ಳುವುದೊಂದೇ ದಾರಿ. ಇದೇ ಗರಿ ಬಿಡುವುದು. ಗಂಡು ನವಿಲು ಮಳೆಗಾಲ ಕಳೆಯುತ್ತಲೂ ತನ್ನ ಬಾಲದ ಉದ್ದ ಗರಿಗಳನ್ನು ಉದುರಿಸುವುದನ್ನು ನಮ್ಮ ಹಳ್ಳಿಯ ಹುಡುಗರೆಲ್ಲರೂ ಬಲ್ಲರು. ಅದನ್ನು ಕಂಡು ನವಿಲಿಗೆ ರೋಗವೆಂದು ಯಾರೂ ಕಳವಳಪಡುವುದಿಲ್ಲ.

ಗಿಳಿಯು ನವಿಲಿನಂತೆ ಒಂದೇ ಬೀಸಿಗೆ ಬಿಡುವುದಿಲ್ಲ. ಅದರ ಕ್ರಮ ಬಹಳ ನಾಜೂಕಾದದ್ದು. ಬಾತುಕೋಳಿಗಳ ಜಾತಿಯವು ಹಾರುವ ಗರಿಗಳನ್ನೆಲ್ಲ ಒಮ್ಮೆಗೇ ಕಳೆದುಕೊಂಡು ಕೆಲವು ವಾರ ಹಾರಲಾರದೆ ನೀರಿನಲ್ಲಿ ಅಡಗಿಕೊಂಡಿರುತ್ತವೆ. ಮರದ ಮೇಲೆ ಬಾಳುವ ಗಿಳಿಗೆ ಹಾಗೆ ನಡೆಯದು. ಆದುದರಿಂದ ಅದು ಒಂದೊಂದಾಗಿ, ಎಡಬಲಗಳ ತೂಕ ಕೆಡದಂತೆ ಬಿಡುತ್ತದೆ. ರೆಕ್ಕೆಯ ಹೊರಗರಿಗಳು ಹತ್ತು. ಅವುಗಳಲ್ಲಿ ಸುಮಾರಾಗಿ ನಡುವಿನದೊಂದು ಮೊದಲು ಬಿದ್ದು, ಅಲ್ಲಿಂದ ಒಳಕ್ಕೂ ಹೊರಕ್ಕೂ ಕ್ರಮವಾಗಿ ಸಾಗುವುದು. ಎಡರೆಕ್ಕೆಯಲ್ಲಿ ಬಿದ್ದ ಕೆಲವು ದಿನಗಳಲ್ಲಿಯೇ ಬಲರೆಕ್ಕೆಯಲ್ಲಿ ಅದರ ಜೋಡಿಯೂ ಬೀಳುವುದು ವಾಡಿಕೆ. ಒಂದು ಗರಿ ಬೀಳುವ ವೇಳೆಗೆ ಅದರ ಕುಳಿಯಲ್ಲಿ ಹೊಸದು ಮೊಳೆಯುತ್ತಿರುತ್ತದೆ. ಹೊಸದು ಹಿಂದಿನಿಂದ ತಳ್ಳುವುದರಿಂದಲೇ ಹಳೆಯದು ಸಡಿಲುವುದು. ಆದಕಾರಣ ಕ್ರಮವಾಗಿ ಗರಿ ಬಿಡುವ ಗಿಳಿಯ ಮೈಯಲ್ಲಿ ಬೋಳುಚರ್ಮ ಕಾಣಿಸಬಾರದು. ಹಕ್ಕಿ ಸ್ವಲ್ಪ ಕೆದರಿದಂತೆ, ಮಗ್ಗುಲು ಬದಲಿಸಿ ಎದ್ದವರ ತಲೆಯಂತೆ ಕಂಡೀತು, ಅಷ್ಟೆ.

ಎಷ್ಟು ಕಾಲ? ಬೆಳೆದ ಗಿಳಿ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಗರಿ ಬದಲಾಯಿಸುತ್ತದೆ. ಚಿಕ್ಕ ಜಾತಿಗಳಲ್ಲಿ ಇನ್ನೂ ಹೆಚ್ಚು ಸಲ ಆಗುವುದುಂಟು. ಆ ಕೆಲಸ ಕೆಲವು ವಾರಗಳಿಂದ ಕೆಲವು ತಿಂಗಳವರೆಗೂ ನಡೆಯುತ್ತದೆ. ಬೂದು ಗಿಳಿಯಂಥ ದೊಡ್ಡವುಗಳಲ್ಲಿ ಬಹಳ ನಿಧಾನ. ರಾತ್ರಿ ಹನ್ನೊಂದರವರೆಗೆ ದೀಪ ಉರಿಯುವ ಮನೆಗಳಲ್ಲಿ ಹಕ್ಕಿಗೆ ಋತುವಿನ ಲೆಕ್ಕ ತಪ್ಪಿ, ಅದು ಹೊತ್ತಲ್ಲದ ಹೊತ್ತಿನಲ್ಲಿ ಅಲ್ಲೊಂದು ಇಲ್ಲೊಂದು ಗರಿ ಬಿಡುವುದೂ ಉಂಟು. ಹೀಗಾಗಿ ಪಂಚಾಂಗವನ್ನು ನೋಡಿ ನಿರ್ಣಯಿಸುವುದು ಅಪಾಯ. ನನ್ನ ಸ್ನೇಹಿತರು ಮಾಡಿದ ತಪ್ಪು ಅದೇ. "ಕಾಲ ಬಂದಿದೆ" ಎಂದುಕೊಂಡರು. ಗರಿಯನ್ನು ಎತ್ತಿ ನೋಡಲಿಲ್ಲ.

ಇನ್ನು ಪರೀಕ್ಷೆಯ ಕ್ರಮ. ಮೂರು ಕಡೆ ನೋಡಬೇಕು: ಬಿದ್ದ ಗರಿಯನ್ನು, ಅದು ಬಿದ್ದ ಜಾಗವನ್ನು, ಹಕ್ಕಿಯ ನಡತೆಯನ್ನು.

ಮೊದಲನೆಯದು, ಬಿದ್ದ ಗರಿ. ಪಂಜರದ ತಳದಿಂದ ಅದನ್ನು ಎತ್ತಿಕೊಂಡು ಬೆಳಕಿಗೆ ಹಿಡಿಯಿರಿ. ತಾನಾಗಿ ಉದುರಿದ ಗರಿ ಬುಡದಿಂದ ತುದಿಯವರೆಗೆ ಇಡಿಯಾಗಿರುತ್ತದೆ. ಬುಡದ ಕೊಳವೆ ಬರಿದಾಗಿ, ಶುಭ್ರವಾಗಿ, ಕೊನೆಯಲ್ಲಿ ನಯವಾಗಿ ಮೊನೆಗೊಂಡಿರುತ್ತದೆ. ತುದಿ ಸವೆದಿದ್ದೀತು, ಬಣ್ಣ ಮಾಸಿದ್ದೀತು. ಅದು ವಯಸ್ಸಿನ ಲಕ್ಷಣ. ಕಿತ್ತ ಗರಿಯ ಚಹರೆ ಬೇರೆ. ದಂಡು ನಡುವೆ ಮುರಿದಿರಬಹುದು, ಸೀಳಿರಬಹುದು. ಅಂಚುಗಳು ಅಗಿದು ಚಿಂದಿಯಾಗಿರಬಹುದು. ಕೊಕ್ಕಿನಿಂದ ಅದುಮಿದ ಗುರುತು ದಂಡಿನ ಮೇಲೆ ಮೂಡಿರಬಹುದು. ಬುಡದಲ್ಲಿ ರಕ್ತದ ಕಲೆಯಾಗಲಿ, ಹಸಿಯಾದ ತಿರುಳಾಗಲಿ ಇದ್ದರೆ ಅದು ಬೆಳೆಯುತ್ತಿದ್ದ ಎಳೆಗರಿ. ತಾನಾಗಿ ಬೀಳುವ ಕಾಲ ಅದಕ್ಕೆ ಬಂದಿರಲಿಲ್ಲ. ಆದರೆ ಒಂದು ಎಚ್ಚರಿಕೆ. ಪೂರ್ತಿ ಬೆಳೆದ ಗರಿಯನ್ನು ಬುಡದಿಂದ ನೀಟಾಗಿ ಕಿತ್ತುಹಾಕುವ ಗಿಳಿಗಳೂ ಇವೆ. ಆದುದರಿಂದ ಗರಿಯೊಂದರ ಸಾಕ್ಷ್ಯದಿಂದಲೇ ತೀರ್ಪು ಕೊಡಬಾರದು.

ಎರಡನೆಯದು, ಗರಿ ಬಿದ್ದ ಜಾಗ. ಬೋಳುಚರ್ಮ ಕಾಣುತ್ತಿದೆಯೆ? ಹೊಸ ಮೊಳಕೆಗಳು ಎದ್ದಿವೆಯೆ? ಎಡಕ್ಕೂ ಬಲಕ್ಕೂ ಹೋಲಿಕೆಯಿದೆಯೆ? ಇದೆಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ತಲೆಯನ್ನು ಕುರಿತದ್ದು. ಗಿಳಿಯ ಕೊಕ್ಕು ಅದರ ಮೈಯ ಎಲ್ಲ ಭಾಗಕ್ಕೂ ಎಟಕುವುದು, ತಲೆ ಮತ್ತು ಕೊರಳಿನ ಮೇಲುಭಾಗಕ್ಕೆ ಮಾತ್ರ ಎಟಕದು. ಎದೆ, ತೊಡೆಯ ಒಳಭಾಗ, ರೆಕ್ಕೆಯ ಕಂಕುಳು ಬೋಳಾಗಿದ್ದು ತಲೆಯ ಗರಿ ಮಟ್ಟಸವಾಗಿ ನುಣುಪಾಗಿ ಇದ್ದರೆ, ಕಿತ್ತದ್ದು ಆ ಕೊಕ್ಕೇ ಎಂದು ಬಹುಮಟ್ಟಿಗೆ ನಂಬಬಹುದು. ತಲೆಯೂ ಬೋಳಾಗಿದ್ದರೆ ಆ ಹಕ್ಕಿ ತಾನು ಕೀಳಲಿಲ್ಲ. ಜೊತೆಯ ಹಕ್ಕಿ ಕಿತ್ತಿರಬೇಕು, ಇಲ್ಲವೆ ರೋಗ ಇರಬೇಕು. ಕ್ರಮವಾಗಿ ಗರಿ ಬಿಡುವ ಹಕ್ಕಿಯ ತಲೆಯ ಮೇಲೋ, ಬಿಳಿಯ ಮುಳ್ಳುಗಳಂತೆ ಎಳೆಗರಿಗಳು ಸಾಲಾಗಿ ಎದ್ದಿರುವುದು ಕಾಣುತ್ತದೆ. ಅದನ್ನು ಕಂಡರೆ ಮನಸ್ಸು ಸಮಾಧಾನಪಡಬಹುದು.

ಮೂರನೆಯದು, ನಡತೆ. ಗರಿ ಬಿಡುವ ಕಾಲದಲ್ಲಿ ಗಿಳಿ ಸ್ವಲ್ಪ ಮಂಕಾಗುವುದು, ಹೆಚ್ಚು ನಿದ್ರಿಸುವುದು, ಮುಟ್ಟಿದರೆ ಸಿಡುಕುವುದು. ಎಳೆಗರಿಗಳ ಒರೆ ನವೆ ಹುಟ್ಟಿಸುವುದರಿಂದ ತಲೆಯನ್ನು ಕಂಬಿಗೆ ಉಜ್ಜಿಕೊಳ್ಳುವುದು. ಎಲ್ಲ ಹಕ್ಕಿಗಳೂ ದಿನಕ್ಕೆ ಎಷ್ಟೋ ಸಲ ಕೊಕ್ಕಿನಿಂದ ಗರಿ ತಿದ್ದಿಕೊಳ್ಳುತ್ತವೆ. ಅದು ನಾವು ತಲೆ ಬಾಚಿಕೊಂಡಂತೆ. ತಿದ್ದಿಕೊಳ್ಳುವ ಹಕ್ಕಿ ಗರಿಯನ್ನು ಬುಡದಿಂದ ತುದಿಯವರೆಗೆ ಕೊಕ್ಕಿನಲ್ಲಿ ಜಾರಿಸಿ ಬಿಟ್ಟುಬಿಡುತ್ತದೆ. ಕೀಳುವ ಹಕ್ಕಿ ಬುಡವನ್ನು ಕಚ್ಚಿ ಹಿಡಿದು ಜಗ್ಗುತ್ತದೆ. ಕೆಲವು ವೇಳೆ ಜಗ್ಗಿದಾಗ ತಾನೇ ಕಿರುಚಿಕೊಳ್ಳುತ್ತದೆ, ಕಿರುಚಿ ಮತ್ತೆ ಜಗ್ಗುತ್ತದೆ. ಮನೆಯವರು ಎದುರಿಗಿರುವಾಗ ಮಾತ್ರ ಕೀಳುವವು ಉಂಟು. ಒಂಟಿಯಾಗಿರುವಾಗ ಮಾತ್ರ ಕೀಳುವವೂ ಉಂಟು. ಆದಕಾರಣ ಬಾಗಿಲ ಮರೆಯಲ್ಲಿ ನಿಂತು ನೋಡುವುದೂ ಅಗತ್ಯ.

ಈ ಮೂರಕ್ಕೂ ಸಿಕ್ಕದ ಕೆಲವು ಸಂದರ್ಭಗಳನ್ನು ಹೇಳದಿದ್ದರೆ ನನ್ನ ಮಾತು ಅಪೂರ್ಣವಾಗುವುದು. ಹಳದಿ ಬಿಳುಪು ಬಣ್ಣದ ಕಾಕಟೀಲುಗಳಲ್ಲಿ ಜುಟ್ಟಿನ ಹಿಂದೆ ಒಂದು ಬೋಳು ಮಚ್ಚೆ ಹುಟ್ಟಿನಿಂದಲೇ ಬರುವುದುಂಟು. ಅದು ವಂಶದ ಗುಣ, ಅದಕ್ಕೆ ಮದ್ದು ಬೇಡ. ಕಾಕಟೀಲುಗಳೇ ರಾತ್ರಿಯ ಕತ್ತಲಲ್ಲಿ ಬೆದರಿ ಪಂಜರದೊಳಗೆ ಬಡಿದಾಡಿ ಬೆಳಗಾಗುವುದರೊಳಗೆ ರೆಕ್ಕೆ ಬಾಲಗಳ ಗರಿಗಳನ್ನು ಕಳೆದುಕೊಳ್ಳುವುದುಂಟು. ಮೊಟ್ಟೆಯಿಡುವ ಕಾಲದಲ್ಲಿ ಹೆಣ್ಣು ಎದೆಯ ಗರಿಯನ್ನು ಕಿತ್ತುಕೊಳ್ಳುವುದುಂಟು. ಇವೆಲ್ಲಕ್ಕಿಂತ ಭಯಂಕರವಾದದ್ದು 'ಕೊಕ್ಕು ಮತ್ತು ಗರಿಯ ರೋಗ' ಎಂಬುದು. ಆಸ್ಟ್ರೇಲಿಯದ ಅಡಿಲೇಡ್ ಬೆಟ್ಟಗಳ ಕಾಡುಗಿಳಿಗಳಲ್ಲಿ ಗರಿ ಹೀಗೆ ನಾಶವಾದುದನ್ನು 1907ರಷ್ಟು ಹಿಂದೆಯೇ ಗುರುತಿಸಲಾಗಿತ್ತು. ಸರ್ಕೋವೈರಸ್ ಎಂಬ ಅತಿಸೂಕ್ಷ್ಮ ವಿಷಾಣು ಇದಕ್ಕೆ ಕಾರಣವೆಂದು ಅನಂತರ ತಿಳಿದುಬಂದಿತು. ಈ ರೋಗದಲ್ಲಿ ಹೊಸ ಗರಿಗಳು ಡೊಂಕಾಗಿ, ಬುಡದಲ್ಲಿ ದಾರ ಬಿಗಿದಂತೆ ಕಿರಿದಾಗಿ ಹುಟ್ಟುತ್ತವೆ, ಒರೆ ಬಿಚ್ಚುವುದಿಲ್ಲ, ತಲೆಯ ಗರಿಗಳೂ ಹೋಗುತ್ತವೆ. ಕಾಕಟೂವಿನ ಮೈಯಲ್ಲಿ ಸದಾ ಇರುವ ಬಿಳಿಯ ಹುಡಿ ಇಲ್ಲವಾಗಿ ಕಪ್ಪು ಕೊಕ್ಕು ಥಳಥಳಿಸತೊಡಗಿದರೆ, ಅದು ಆರೋಗ್ಯದ ಹೊಳಪಲ್ಲ, ಈ ರೋಗದ ಸೂಚನೆ. ಗರಿಯ ಧೂಳಿನಿಂದಲೂ ಹಿಕ್ಕೆಯಿಂದಲೂ ಇದು ಇತರ ಗಿಳಿಗಳಿಗೆ ಅಂಟುತ್ತದೆ. ಇದನ್ನು ವಾಸಿಮಾಡುವ ಮದ್ದಿಲ್ಲ. ರಕ್ತವನ್ನೂ ಗರಿಯನ್ನೂ ಪರೀಕ್ಷಿಸಿ ಗುರುತಿಸುವ ವಿಧಾನ ಮಾತ್ರ ಉಂಟು. ಹೊಸ ಹಕ್ಕಿಯನ್ನು ತಂದವರು ಅದನ್ನು ಕೆಲವು ವಾರ ಬೇರೆಯಾಗಿಡಬೇಕೆಂಬುದು ಇದಕ್ಕಾಗಿಯೇ.

ಹಾಗಾದರೆ ಆರೋಗ್ಯವಾದ ಗರಿಯನ್ನು ಗಿಳಿ ತಾನೇ ಏಕೆ ಕೀಳಬೇಕು? ಕಾರಣಗಳು ಎರಡು ಬಗೆ. ಮೊದಲನೆಯದು ದೇಹಕ್ಕೆ ಸಂಬಂಧಿಸಿದ್ದು. ಬರಿಯ ಸೂರ್ಯಕಾಂತಿಯ ಬೀಜವನ್ನೇ ತಿಂದು ಬೆಳೆದ ಹಕ್ಕಿಯಲ್ಲಿ ಎ ಜೀವಸತ್ವ ಕಡಮೆಯಾಗಿ ಚರ್ಮ ಒಣಗುವುದು. ಕೊಬ್ಬು ಹೆಚ್ಚಿ ಯಕೃತ್ತು ಕೆಡುವುದು. ಸತುವು ಲೇಪಿಸಿದ ಅಗ್ಗದ ತಂತಿಯನ್ನು ಕಡಿಯುವುದರಿಂದ ಲೋಹದ ವಿಷ ಏರುವುದುಂಟು. ಕರುಳಿನ ಪರೋಪಜೀವಿಗಳು, ಚರ್ಮದ ಸೋಂಕು, ಒಳಗೆ ಎಲ್ಲಿಯೋ ನೋಯುತ್ತಿರುವ ಮೂಳೆ ಅಥವಾ ಅವಯವ, ತಪ್ಪಾಗಿ ಕತ್ತರಿಸಿದ ರೆಕ್ಕೆಯ ಮೊಂಡುದಂಡು ಚುಚ್ಚುವುದು, ಸಿಗರೇಟಿನ ಹೊಗೆ, ದಿನವೂ ಹಾಕುವ ಸಾಂಬ್ರಾಣಿಯ ದಟ್ಟವಾದ ಹೊಗೆ, ಇವೆಲ್ಲವೂ ಕಾರಣವಾಗಬಹುದು. ಹುಳುವಿನಿಂದ ಆಗಿದೆಯೆಂದು ಜನ ಮೊದಲು ಹೇಳುವರು. ಮನೆಯೊಳಗೆ ಸಾಕಿದ ಗಿಳಿ ಗರಿ ಕೀಳುವುದಕ್ಕೆ ಹುಳು ಕಾರಣವಾಗುವುದು ಅಪರೂಪ. ದೇಹದ ಕಾರಣಗಳನ್ನು ವೈದ್ಯರು ಪರೀಕ್ಷಿಸಿ ಇಲ್ಲವೆಂದು ಹೇಳುವ ಮುನ್ನ ಮನಸ್ಸಿನ ಮೇಲೆ ತಪ್ಪು ಹೊರಿಸಕೂಡದು.

ಎರಡನೆಯದು ಮನಸ್ಸಿಗೆ ಸಂಬಂಧಿಸಿದ್ದು. ಗಿಳಿಗೆ ಮನಸ್ಸೆ ಎಂದು ನಗುವವರಿಗೆ ಆಲೆಕ್ಸ್ ಎಂಬ ಬೂದು ಗಿಳಿಯನ್ನು ನೆನಪಿಸುತ್ತೇನೆ. ಐರೀನ್ ಪೆಪ್ಪರ್‌ಬರ್ಗ್ ಎಂಬ ವಿದುಷಿ ಅದನ್ನು 1977ರಲ್ಲಿ ಅಂಗಡಿಯಿಂದ ಕೊಂಡು, 2007ರಲ್ಲಿ ಅದು ಸಾಯುವವರೆಗೂ ಅದರ ಬುದ್ಧಿಯನ್ನು ಪರೀಕ್ಷಿಸಿದರು. ವಸ್ತುಗಳ ಬಣ್ಣ, ಆಕಾರ, ಸಣ್ಣ ಸಂಖ್ಯೆ ಇವುಗಳನ್ನು ಅದು ಹೆಸರಿಸಿ ಹೇಳುತ್ತಿತ್ತು. ಇಂಥ ಜೀವವನ್ನು ಮೂರಡಿಯ ಪಂಜರದಲ್ಲಿ, ಒಂದು ಬಟ್ಟಲು ಬೀಜದೊಡನೆ, ಬೆಳಗಿನಿಂದ ಸಂಜೆಯವರೆಗೆ ಒಂಟಿಯಾಗಿ ಕೂರಿಸಿದರೆ ಅದು ಏನು ಮಾಡಬೇಕು? ಕಾಡಿನಲ್ಲಿ ಗಿಳಿಯ ಹಗಲಿನ ಬಹುಭಾಗ ಆಹಾರವನ್ನು ಹುಡುಕುವುದರಲ್ಲಿ, ಸುಲಿಯುವುದರಲ್ಲಿ, ಒಡೆಯುವುದರಲ್ಲಿ ಕಳೆಯುತ್ತದೆ. ಪಂಜರದಲ್ಲಿ ಆ ಕೆಲಸ ಸ್ವಲ್ಪ ಹೊತ್ತಿಗೆ ಮುಗಿಯಿತು. ಕೊಕ್ಕಿಗೆ ಕೆಲಸ ಬೇಕು. ಹತ್ತಿರದಲ್ಲಿ ಸಿಕ್ಕುವುದು ತನ್ನ ಗರಿಯೊಂದೇ.

ಇದು ಬರಿಯ ಊಹೆಯಲ್ಲ. ಕ್ಯಾಲಿಫೋರ್ನಿಯದ ಡೇವಿಸ್ ನಗರದ ವಿಶ್ವವಿದ್ಯಾನಿಲಯದಲ್ಲಿ ನಡೆದು 2003ರಲ್ಲಿ ಪ್ರಕಟವಾದ ಪ್ರಯೋಗವೊಂದಿದೆ. ಹದಿನಾರು ಎಳೆಯ ಅಮೆಜಾನ್ ಗಿಳಿಗಳನ್ನು ಎರಡು ಗುಂಪುಮಾಡಿ 48 ವಾರ ನೋಡಿದರು. ಒಂದು ಗುಂಪಿಗೆ ಆಹಾರವನ್ನು ಹುಡುಕಿ ತೆಗೆಯಬೇಕಾದ ಏರ್ಪಾಡುಗಳನ್ನೂ ಹತ್ತಿ ಜೋತಾಡುವ ಸಾಮಗ್ರಿಗಳನ್ನೂ ಒದಗಿಸಿದರು; ಇನ್ನೊಂದಕ್ಕೆ ಸಾಧಾರಣ ಪಂಜರ. ಸಾಧಾರಣ ಪಂಜರದವುಗಳ ಗರಿ ಕೆಡುತ್ತ ಬಂದಿತು; ಕೆಲಸವಿದ್ದವುಗಳ ಗರಿ ಚೆನ್ನಾಗಿ ಉಳಿಯಿತು. ಕೆಟ್ಟವುಗಳಿಗೂ ಅಂಥದೇ ಏರ್ಪಾಡು ಮಾಡಿಕೊಟ್ಟಾಗ ಅವೂ ಸುಧಾರಿಸಿದವು. ಅದೇ ಜಾತಿಯ ಗಿಳಿಗಳನ್ನು ಕುರಿತು 2006ರಲ್ಲಿ ಪ್ರಕಟವಾದ ಇನ್ನೊಂದು ಪರಿಶೀಲನೆಯಲ್ಲಿ, ಪಂಜರವು ಕೋಣೆಯ ಬಾಗಿಲಿಗೆ ಸಮೀಪವಾಗಿದ್ದಷ್ಟೂ ಗರಿ ಕೀಳುವುದು ಹೆಚ್ಚೆಂದು ಕಂಡುಬಂದಿತು. ಯಾರು ಯಾವಾಗ ಒಳಗೆ ನುಗ್ಗುವರೋ ಎಂಬ ಬೆದರಿಕೆ ಅಲ್ಲಿ ಬಿಡುವಿಲ್ಲದ್ದು. ಐವತ್ತು ಜಾತಿಗಳ 1,378 ಸಾಕುಗಿಳಿಗಳ ವಿವರಗಳನ್ನು ಪರಿಶೀಲಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಬಲಪಡಿಸುತ್ತದೆ. ಕಾಡಿನಲ್ಲಿ ಯಾವ ಜಾತಿಗೆ ಆಹಾರವನ್ನು ಸುಲಿದು ಬಿಡಿಸುವ ಶ್ರಮ ಹೆಚ್ಚೋ, ಮನೆಯಲ್ಲಿ ಆ ಜಾತಿಯಲ್ಲಿಯೇ ಗರಿ ಕೆಡಿಸಿಕೊಳ್ಳುವ ಚಾಳಿ ಹೆಚ್ಚು.

ಈ ಚಾಳಿಯನ್ನು ಬೇಗ ಗುರುತಿಸಬೇಕೆನ್ನುವುದಕ್ಕೆ ಒಂದು ಬಲವಾದ ಕಾರಣವುಂಟು. ಆಗಲೇ ಹೇಳಿದ ಕುಳಿಗಳನ್ನು ನೆನಪಿಗೆ ತಂದುಕೊಳ್ಳಿ. ಒಂದೆರಡು ಸಲ ಕಿತ್ತರೆ ಕುಳಿ ಮತ್ತೆ ಗರಿಯನ್ನು ಕೊಡುತ್ತದೆ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಕಿತ್ತರೆ ಕುಳಿ ಗಾಯಗೊಂಡು ಗಂಟಾಗಿ ಕೊನೆಗೆ ಬಂಜೆಯಾಗುವುದು. ಅಲ್ಲಿ ಮುಂದೆ ಗರಿ ಹುಟ್ಟದು. ಅಷ್ಟರಲ್ಲಿ ಕೀಳುವುದೂ ಅಭ್ಯಾಸವಾಗಿ ಬೇರೂರಿ, ಮೊದಲ ಕಾರಣ ಹೋದರೂ ತಾನು ಹೋಗದಾಗುವುದು. ಕೆಲವು ಗಿಳಿಗಳು ಗರಿ ಮುಗಿದ ಮೇಲೆ ಚರ್ಮವನ್ನೇ ಕಚ್ಚಿಕೊಳ್ಳುತ್ತವೆ. ಹೀಗಿರುವುದರಿಂದ 'ನೋಡೋಣ, ತಾನೇ ಸರಿಹೋದೀತು' ಎಂದು ಕಳೆಯುವ ದಿನಗಳಿಗೆ ಬೆಲೆ ತೆರುವುದು ಹಕ್ಕಿ.

ಮನೆಯವರು ಮಾಡತಕ್ಕದ್ದೇನು? ಸಂದೇಹ ಬಂದ ದಿನವೇ ಪಂಜರದ ತಳದ ಕಾಗದವನ್ನು ಬದಲಾಯಿಸಿ, ಅಂದಿನಿಂದ ಬಿದ್ದ ಗರಿಗಳನ್ನು ಒಂದು ಲಕೋಟೆಯಲ್ಲಿ ಹಾಕಿ ತಾರೀಖು ಬರೆಯಿರಿ. ಎದೆಯದೂ ಎರಡು ರೆಕ್ಕೆಗಳದೂ ಛಾಯಾಚಿತ್ರವನ್ನು ವಾರಕ್ಕೊಮ್ಮೆ ತೆಗೆದಿಡಿ. ಅಡಿಗೆಮನೆಯ ಸಣ್ಣ ತಕ್ಕಡಿಯಲ್ಲಿ ಹಕ್ಕಿಯನ್ನು ತೂಗಿ ಬರೆದಿಡಿ. ಗರಿ ಬಿಡುತ್ತಿರುವುದಾದರೆ ಈ ಎರಡು ವಾರಗಳಲ್ಲಿ ಹೊಸ ಮೊಳಕೆಗಳು ಬಿಚ್ಚಿಕೊಳ್ಳುವುದು ಕಾಣುವುದು. ಬೋಳು ಹರಡುತ್ತಿದ್ದರೆ, ಗರಿಗಳು ಮುರಿದಿದ್ದರೆ, ತೂಕ ಇಳಿದಿದ್ದರೆ, ಎರಡು ವಾರವನ್ನೂ ಕಾಯದೆ ಹಕ್ಕಿಗಳ ಚಿಕಿತ್ಸೆ ತಿಳಿದ ಪಶುವೈದ್ಯರಲ್ಲಿಗೆ ಲಕೋಟೆಯೊಡನೆ ಹೋಗಿ. ಎಳೆಗರಿ ಮುರಿದು ರಕ್ತ ನಿಲ್ಲದಿದ್ದರೆ, ಶುಭ್ರವಾದ ಬಟ್ಟೆಯಿಂದ ಮೆಲ್ಲನೆ ಒತ್ತಿ ಹಿಡಿದು ಆ ಕ್ಷಣವೇ ಹೊರಡಬೇಕು. ಸಣ್ಣ ಹಕ್ಕಿಯ ಮೈಯಲ್ಲಿ ರಕ್ತ ಬಹಳ ಇರುವುದಿಲ್ಲ.

ಎಣ್ಣೆ, ಅರಿಸಿನ, ಮುಲಾಮು ಯಾವುದನ್ನೂ ಮನೆಯಲ್ಲಿಯೇ ಸವರಕೂಡದು. ಗರಿ ಅಂಟಿಕೊಂಡರೆ ಮೈಯ ಬಿಸಿ ನಿಲ್ಲುವುದಿಲ್ಲ; ಸವರಿದ್ದನ್ನು ಹಕ್ಕಿ ಕೊಕ್ಕಿನಿಂದ ತಿಂದೂಬಿಡುವುದು. ಕೀಳುವುದನ್ನು ಕಂಡಾಗ ಗದರಿಸುವುದೂ, ಓಡಿಬಂದು ಮುದ್ದಿಸುವುದೂ ಎರಡೂ ತಪ್ಪು. ಕಿತ್ತರೆ ಯಜಮಾನ ಬರುವನೆಂದು ಕಲಿಯುವಷ್ಟು ಬುದ್ಧಿ ಅದಕ್ಕಿದೆ. ಕೀಳದೆ ಆಡಿಕೊಂಡಿರುವಾಗ ಹೋಗಿ ಮಾತನಾಡಿಸಿ. ಬೀಜವನ್ನು ಕಡಮೆಮಾಡಿ ಕ್ಯಾರೆಟ್ಟು, ನುಗ್ಗೆಸೊಪ್ಪು, ಮೊಳಕೆಕಾಳು, ಹಣ್ಣು ಇವುಗಳನ್ನು ಅಭ್ಯಾಸಮಾಡಿಸಿ. ಗರಿ ಬಿಡುವ ಹಕ್ಕಿಗೂ ಈ ಪುಷ್ಟಿ ಅಗತ್ಯ. ಗರಿಯೆಂಬುದು ಬಹುಪಾಲು ಸಸಾರಜನಕದಿಂದಲೇ ಆದ ವಸ್ತು. ತಿಂಡಿಯನ್ನು ಬಟ್ಟಲಿಗೆ ಸುರಿಯದೆ ಕಾಗದದಲ್ಲಿ ಸುತ್ತಿ, ಬಿದಿರಿನ ತುಂಡಿನೊಳಗೆ ತುರುಕಿ, ಜೋಳದ ತೆನೆಯನ್ನು ಇಡಿಯಾಗಿ ಕಟ್ಟಿ ಕೊಡಿ, ದುಡಿದು ತಿನ್ನಲಿ. ನೀರನ್ನು ಮಂಜಿನಂತೆ ಸಿಂಪಡಿಸಿದರೆ ನವೆ ಶಮನವಾಗುವುದು. ರಾತ್ರಿ ಹತ್ತು ಹನ್ನೆರಡು ಗಂಟೆ ಕತ್ತಲೆಯ ನಿದ್ರೆ ಸಿಕ್ಕಬೇಕು.

ಇನ್ನು ಆ ಎರಡು ಮನೆಗಳ ಕಥೆಯನ್ನು ಮುಗಿಸಿ ವಿರಮಿಸುತ್ತೇನೆ. ಸ್ನೇಹಿತರ ಗಿಳಿಯನ್ನು ವೈದ್ಯರು ಪರೀಕ್ಷಿಸಿದರು. ವಿಷಾಣುವಿನ ರೋಗವಿರಲಿಲ್ಲ, ಬರಿಯ ಬೀಜದ ಆಹಾರದಿಂದ ಯಕೃತ್ತು ಸ್ವಲ್ಪ ಕೆಟ್ಟಿತ್ತು. ವೈದ್ಯರು ಮನೆಯ ವಿಚಾರವನ್ನು ಕೇಳುತ್ತ ಹೋದಂತೆ ಇನ್ನೊಂದು ಸಂಗತಿ ಹೊರಬಿದ್ದಿತು. ದಸರೆ ಕಳೆದೊಡನೆ ಅವರ ಮಗಳು ಓದಿಗಾಗಿ ಬೇರೆ ಊರಿಗೆ ಹೋಗಿದ್ದಳು. ದಿನವೂ ಸಂಜೆ ಗಿಳಿಯೊಡನೆ ಮಾತನಾಡುತ್ತಿದ್ದವಳು ಅವಳೊಬ್ಬಳೇ. ಅವಳ ಕೋಣೆಯನ್ನು ಮುಚ್ಚಿ ಪಂಜರವನ್ನು ಬೀದಿಬಾಗಿಲ ಪಕ್ಕಕ್ಕೆ ತಂದಿಟ್ಟಿದ್ದರು. ಇಷ್ಟನ್ನೂ ಹೇಳಿ ಮುಗಿಸಿದ ಮೇಲೆ ನನ್ನ ಸ್ನೇಹಿತರು ಬಹಳ ಹೊತ್ತು ಸುಮ್ಮನಿದ್ದರು. ಆಹಾರ ಬದಲಾಯಿತು, ಪಂಜರ ಒಳಗಿನ ಕಿಟಕಿಯ ಬಳಿಗೆ ಹೋಯಿತು, ಸಂಜೆಯ ಒಂದು ಗಂಟೆಯನ್ನು ಅವರು ಗಿಳಿಗೆ ಮೀಸಲಿಟ್ಟರು. ಮುಂದಿನ ದೀಪಾವಳಿಯ ವೇಳೆಗೆ ಎದೆಯ ಮೇಲೆ ಬೂದು ಗರಿ ಮರಳಿ ಬಂದಿತು. ನಡುವೆ ರೂಪಾಯಿಯಗಲದ ಜಾಗವೊಂದು ಮಾತ್ರ ಬೋಳಾಗಿಯೇ ಉಳಿದಿದೆ. ಅದನ್ನು ತೋರಿಸಿ ಅವರು, "ಇಷ್ಟು ಜಾಗ ನನ್ನ ಆರು ತಿಂಗಳ ಸೋಮಾರಿತನದ್ದು ರಾಯರೆ" ಎಂದರು.

ನಮ್ಮ ಬೀದಿಯ ಅಜ್ಜಿಯ ಚಿನ್ನಿ ಈಗ ಹೊಸ ಗರಿಯುಟ್ಟು ಚೆಂದವಾಗಿದೆ. ಅಜ್ಜಿ ಈಗ ಗರಿ ಬಿದ್ದರೆ ಎಣ್ಣೆಯ ಬಟ್ಟಲನ್ನು ಹುಡುಕುವುದಿಲ್ಲ. ಕನ್ನಡಕವನ್ನು ಏರಿಸಿಕೊಂಡು, ಗರಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬುಡವನ್ನು ನೋಡುತ್ತಾರೆ. ಇಡಿಯಾಗಿದ್ದರೆ ತಾವು ಓದುತ್ತಿರುವ ಭಾರತದ ಪುಟಗಳ ನಡುವೆ ಗುರುತಿಗೆ ಇಟ್ಟುಕೊಳ್ಳುತ್ತಾರೆ. ಗಿಳಿಯನ್ನು ಸಾಕುವವರೆಲ್ಲರೂ ಕಲಿಯಬೇಕಾದದ್ದು ಅಷ್ಟೇ.